ಹದಿಮೂರನೆಯ ‘ಹೌದು’

2018ರ ಮುಂಗಾರಿನಲ್ಲಿ ನಾನು ಸಿಂಧನೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಅಂಕಿಅಂಶ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಮನೆ ಲಿಂಗಸುಗೂರಿನಲ್ಲಿ. ಬೆಳಿಗ್ಗೆ ಏಳರ ಬಸ್ಸಿಗೆ ನಾನು ಹೊರಟರೆ ಮಸ್ಕಿಯಲ್ಲಿ ರಾಚಮ್ಮ ಸಿಸ್ಟರ್ ಹತ್ತುತ್ತಿದ್ದರು. ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ಕಳೆದ ಹೆಂಗಸು. ಮಸ್ಕಿಯ ಆಚೀಚೆ ಜೋಳ, ತೊಗರಿಯ ಒಣ ಹೊಲಗಳು. ಮುಂದೆ ಕಾಲುವೆ ಬರುತ್ತದೆ, ಭತ್ತದ ಗದ್ದೆ ಶುರುವಾಗುತ್ತದೆ. ಗದ್ದೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ನಾಟಿಯಿಂದ ಕೊಯ್ಲಿನವರೆಗೆ ಹಾವು ಕಚ್ಚಿಸಿಕೊಂಡವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಿದ್ದರು.

ಆಗಸ್ಟ್ ಮೊದಲ ವಾರ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ರಾಚಮ್ಮ ಸಿಸ್ಟರ್ ಟಿಕೆಟ್ಟನ್ನೂ ತೆಗೆದುಕೊಳ್ಳದೆ ಮಾತು ಶುರು ಮಾಡಿದರು.

“ಮೇಡಮ್ಮಾರ, ಹಾವಿನ ಇಂಜೆಕ್ಷನ್ ಹೊಸಾ ಬ್ಯಾಚ್ ಬಂದೈತಲ್ರಿ, ಅದು ಮೊದಲಿನಂಗ ಇಲ್ರಿ. ಕೊಟ್ರೂ ರಕ್ತ ಹೆಪ್ಪುಗಟ್ಟವಲ್ದು.”

“ಎಷ್ಟು ಮಂದಿಗೆ ಹಂಗಾಗೈತಿ?” ಎಂದೆ.

“ಎಣಿಸಿಲ್ರಿ. ಕೈಗೆ ಗೊತ್ತಾಗತೈತಿ.”

ಕೈಗೆ ಗೊತ್ತಾಗುವುದನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ. ಹಾಗಾಗಿ ನಾನು ಎಣಿಸಲು ಕೂತೆ.

ಇಲ್ಲಿ ಸ್ವಲ್ಪ ವಿವರ ಬೇಕು. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಒಣ ಗಾಜಿನ ಕೊಳವೆಗೆ ಸ್ವಲ್ಪ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಕೊಳವೆಯನ್ನು ಓರೆ ಮಾಡುತ್ತಾರೆ. ರಕ್ತ ಹರಿದರೆ ವಿಷ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ವಿಷನಿರೋಧಕದ ಮೊದಲ ಡೋಸ್ ಕೊಟ್ಟ ಆರು ತಾಸಿನ ಮೇಲೆ ಮತ್ತೆ ಇದೇ ಪರೀಕ್ಷೆ. ನಮ್ಮ ಹಳೆಯ ರಿಜಿಸ್ಟರುಗಳ ಪ್ರಕಾರ ಹತ್ತರಲ್ಲಿ ಎಂಟು ಮಂದಿಗೆ ಮೊದಲ ಡೋಸಿನಲ್ಲೇ ಹೆಪ್ಪುಗಟ್ಟುತ್ತಿತ್ತು. ಉಳಿದವರಿಗೆ ಎರಡನೆಯ ಡೋಸ್.

ಹೊಸ ಬ್ಯಾಚಿನಲ್ಲೂ ಈ ಪ್ರಮಾಣ ಹತ್ತಕ್ಕೆ ಎಂಟೇ ಇದೆ ಎಂದು ಮೊದಲು ಇಟ್ಟುಕೊಳ್ಳಬೇಕು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ನಲ್ ಹೈಪಾಥಿಸಿಸ್ ಎನ್ನುತ್ತಾರೆ, ಸುಳ್ಳೆಂದು ಕಾಣುವವರೆಗೆ ನಂಬಿಕೊಂಡಿರುವ ಮಾತು. ಮೊದಲ ಡೋಸಿಗೇ ರಕ್ತ ಹೆಪ್ಪುಗಟ್ಟಿದರೆ ‘ಹೌದು’, ಇಲ್ಲದಿದ್ದರೆ ‘ಇಲ್ಲ’. ಇಪ್ಪತ್ತು ರೋಗಿಗಳನ್ನು ನೋಡಿದರೆ ಸುಮಾರು ಹದಿನಾರು ‘ಹೌದು’ ಬರಬೇಕು. ಹದಿನೈದೋ ಹದಿನಾಲ್ಕೋ ಬಂದರೆ ಅದು ಬರೀ ಆಕಸ್ಮಿಕವಿರಬಹುದು. ಹಾಗಾದರೆ ಎಷ್ಟಕ್ಕಿಳಿದರೆ ಔಷಧವನ್ನು ಅನುಮಾನಿಸಬೇಕು? ಹೌದು-ಇಲ್ಲ ಎಂಬ ಎರಡೇ ಉತ್ತರಗಳ ಲೆಕ್ಕಕ್ಕಿರುವ ಬೈನಾಮಿಯಲ್ ಕೋಷ್ಟಕ ಇದಕ್ಕೆ ಉತ್ತರ ಕೊಡುತ್ತದೆ. ಔಷಧ ಸರಿಯಿದ್ದೂ ‘ಹೌದು’ಗಳು ಹನ್ನೆರಡು ಅಥವಾ ಅದಕ್ಕಿಂತ ಕಡಿಮೆ ಬರುವ ಸಂಭವ 0.0321, ಅಂದರೆ ನೂರಕ್ಕೆ ಮೂರು. ಹದಿಮೂರು ಅಥವಾ ಕಡಿಮೆ ಬರುವ ಸಂಭವ 0.0867, ನೂರಕ್ಕೆ ಒಂಬತ್ತರ ಹತ್ತಿರ. ಒಳ್ಳೆಯ ಔಷಧವನ್ನು ತಪ್ಪಾಗಿ ತಿರಸ್ಕರಿಸುವ ಸಂಭವಕ್ಕೆ ನಾನು ಶೇಕಡಾ ಐದರ ಮಿತಿ ಇಟ್ಟುಕೊಂಡೆ. ಆ ಮಿತಿಯೊಳಗೆ ಬೀಳುವುದು ಹನ್ನೆರಡು ಮತ್ತು ಅದರ ಕೆಳಗಿನ ಸಂಖ್ಯೆಗಳು ಮಾತ್ರ. ಇದೇ ಕ್ರಿಟಿಕಲ್ ರೀಜನ್. ಲೆಕ್ಕ ಇದರೊಳಗೆ ಬಂದರೆ ಬ್ಯಾಚನ್ನು ತಿರಸ್ಕರಿಸಬೇಕು, ಹದಿಮೂರು ಬಂದರೆ ಇಲ್ಲ.

ಮುಖ್ಯ ವೈದ್ಯರು ಡಾಕ್ಟರ್ ವೀರಭದ್ರಪ್ಪ. ಈ ಲೆಕ್ಕ ಬರೆದು ನಾನು ಕೊಟ್ಟ ಕಾಗದವನ್ನು ಎರಡು ಸಲ ಓದಿದರು.

“ನೋಡ್ರಿ ಮೇಡಂ, ಹಳೇ ಬ್ಯಾಚ್ ಖಾಲಿ ಆಗೈತಿ. ಇದನ್ನ ವಾಪಸ್ ಕಳಿಸಿದ್ರ ಬ್ಯಾರೇದು ಬರಾಕ ಹದಿನೈದು ದಿನ. ಆ ಹದಿನೈದು ದಿನ ಹಾವು ಸುಮ್ಮನ ಕೂಡತೈತೇನು? ಛಲೋ ಔಷಧಾನ ತಪ್ಪು ತಿಳದು ಕಳಿಸೋದು ಬ್ಯಾಡ.”

ಅವರ ಮಾತು ಸರಿಯಾಗಿಯೇ ಇತ್ತು. ನಾನು ಶೇಕಡಾ ಐದು ಇಟ್ಟದ್ದಕ್ಕೆ ನನಗೆ ಮೊದಲೇ ಗೊತ್ತಿದ್ದ ಅವರ ಈ ಭಯವೂ ಒಂದು ಕಾರಣ, ಪಾಠದಲ್ಲಿ ಹಾಗಿತ್ತೆಂಬುದು ಇನ್ನೊಂದು. ರಾಚಮ್ಮ ಸಿಸ್ಟರ್ ಮಾತ್ರ ಕೇಳಿದರು, “ಐದೇ ಯಾಕ್ರಿ ಮೇಡಮ್ಮಾರ? ಹತ್ತು ಯಾಕ ಬ್ಯಾಡ?”

“ರೂಢಿ, ಸಿಸ್ಟರ್,” ಎಂದೆ.

ಆರು ವಾರ ಎಣಿಸಿದೆವು. ಹೆಪ್ಪುಗಟ್ಟದವರಿಗೆಲ್ಲ ಎರಡನೆಯ ಡೋಸ್ ಹೋಗುತ್ತಿತ್ತು. ಇಬ್ಬರನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕಳಿಸಿದೆವು, ಇಬ್ಬರೂ ಉಳಿದರು. ಹದಿನೇಳನೆಯ ರೋಗಿ ದಢೇಸುಗೂರಿನ ರೈತ, ಕಾಲುವೆ ದಂಡೆಯಲ್ಲಿ ಕಾಲಿಗೆ ಕಚ್ಚಿಸಿಕೊಂಡಿದ್ದರು. ಮಧ್ಯಾಹ್ನ ಮೂರಕ್ಕೆ ಅವರ ಕೊಳವೆ ನೋಡುವಾಗ ನಾನು ವಾರ್ಡಿನಲ್ಲೇ ಇದ್ದೆ. ಸಿಸ್ಟರ್ ಕೊಳವೆ ಓರೆ ಮಾಡಿದರು. ರಕ್ತ ಹರಿಯಲಿಲ್ಲ. ಆದರೆ ಗಟ್ಟಿಯಾಗಿಯೂ ನಿಲ್ಲಲಿಲ್ಲ. ಗಾಜಿಗೆ ಅಂಟಿಕೊಂಡೇ ಅಂಚಿನಲ್ಲಿ ತುಸು ಜಾರಿತು.

“ಹೌದೋ ಅಲ್ಲೋ?” ಎಂದೆ, ಪೆನ್ನು ಹಿಡಿದು.

“ಗಟ್ಟಿ ಆಗಿಲ್ರಿ. ತೆಳ್ಳಗೂ ಇಲ್ಲ.”

“ನಡುವಿಂದು ಬರಿಯಾಕ ಬರೂದಿಲ್ಲ ಸಿಸ್ಟರ್. ಒಂದು ಹೇಳ್ರಿ.”

ಅವರು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ನನ್ನ ಕೇಳಿದ್ರ ಅಲ್ಲ ಅಂತೀನ್ರಿ. ನೀವು ನೋಡ್ರಿ.”

ಬೈನಾಮಿಯಲ್ ಪರೀಕ್ಷೆಗೆ ಎರಡೇ ಉತ್ತರಗಳು, ಹೌದು ಅಥವಾ ಇಲ್ಲ. ನಾನು ಮೊದಲೇ ಬರೆದಿಟ್ಟ ನಿಯಮದಲ್ಲಿ ‘ಹರಿಯದಿದ್ದರೆ ಹೌದು’ ಎಂದಿತ್ತು. ಇದು ಹರಿದಿರಲಿಲ್ಲ, ಜಾರಿತ್ತು. ನಾನು ‘ಹೌದು’ ಎಂದು ಬರೆದೆ. ಆ ಹೊತ್ತಿಗೆ ಒಟ್ಟು ಎಷ್ಟಾಗಿದೆ ಎಂದು ನೋಡಿರಲಿಲ್ಲ, ಇದು ನಿಜ. ಹದಿನೈದು ದಿನ ಔಷಧವಿಲ್ಲದ ಆಸ್ಪತ್ರೆಯ ಚಿತ್ರ ತಲೆಯಲ್ಲಿತ್ತು, ಅದೂ ನಿಜ. ನಿಯಮವೋ ಆ ಚಿತ್ರವೋ, ಯಾವುದು ನನ್ನ ಕೈಯಿಂದ ಬರೆಸಿತೋ ಇಂದಿಗೂ ಹೇಳಲಾರೆ. ಸಿಸ್ಟರ್ ಒತ್ತಾಯಿಸಿದ್ದರಿಂದ ಡಾಕ್ಟರು ಆ ರೈತನಿಗೆ ಎರಡನೆಯ ಡೋಸನ್ನೂ ಕೊಟ್ಟರು.

ಇಪ್ಪತ್ತು ಮುಗಿದಾಗ ‘ಹೌದು’ಗಳು ಹದಿಮೂರಾಗಿದ್ದವು.

‘ಈ ಬ್ಯಾಚನ್ನು ತಿರಸ್ಕರಿಸಲು ಸಾಕಷ್ಟು ಆಧಾರ ದೊರೆತಿಲ್ಲ’ ಎಂದು ವರದಿ ಬರೆದೆ. ಡಾಕ್ಟರು ಓದಿ, ನಿಟ್ಟುಸಿರು ಬಿಟ್ಟು, “ಅಂದ್ರ ಔಷಧ ಛಲೋ ಐತಿ ಅಂದಂಗಾತು,” ಎಂದರು. ಹಾಗಲ್ಲ ಎಂದು ನನಗೆ ಗೊತ್ತಿತ್ತು. ಆಧಾರ ಸಿಗಲಿಲ್ಲ ಎಂಬುದು ಬೇರೆ, ದೋಷವಿಲ್ಲ ಎಂಬುದು ಬೇರೆ. ಮೊದಲ ವರ್ಷದ ವಿದ್ಯಾರ್ಥಿಗೂ ಇದನ್ನು ಕಲಿಸುತ್ತಾರೆ. ಆದರೂ ಅವರನ್ನು ತಿದ್ದದೆ ಫೈಲನ್ನು ಮುಂದೆ ಸರಿಸಿದೆ. ಅವರು ಫೈಲಿನಲ್ಲಿ ‘ಔಷಧ ಸರಿಯಿದೆ’ ಎಂದು ಬರೆದು ಸಹಿ ಮಾಡಿದರು.

ಒಂಬತ್ತು ದಿನ ಕಳೆದ ಮೇಲೆ ವಳಕಮದಿನ್ನಿಯಿಂದ ದುರುಗಮ್ಮ ಬಂದಳು. ವಯಸ್ಸು ಮೂವತ್ತನಾಲ್ಕು. ಬೆಳಿಗ್ಗೆ ಕಳೆ ಕೀಳುವಾಗ ಕೈಗೆ ಕಚ್ಚಿತ್ತು. ಅಕ್ಕ ಹನುಮಂತಿ ಜೊತೆಗಿದ್ದಳು. ಒಂದು ತಾಸಿನೊಳಗೆ ಬಂದಿದ್ದರು, ತಡವೇನೂ ಆಗಿರಲಿಲ್ಲ. ಮೊದಲ ಡೋಸ್ ಆಗಿ ಆರು ತಾಸು ಕಳೆದರೂ ಕೊಳವೆಯ ರಕ್ತ ನೀರಿನಂತೆ ಹರಿಯಿತು. ಎರಡನೆಯ ಡೋಸೂ ಹೋಯಿತು. ವಸಡಿನಿಂದ ರಕ್ತ ನಿಲ್ಲಲಿಲ್ಲ. ಬಳ್ಳಾರಿಗೆ ಕಳಿಸಲು ಆಂಬುಲೆನ್ಸ್ ತಂದಾಗ ನಾನು ಮನೆಗೆ ಹೋಗಲು ಮೆಟ್ಟಿಲಿಳಿಯುತ್ತಿದ್ದೆ. ಸ್ಟ್ರೆಚರಿನ ಮೇಲಿಂದ ದುರುಗಮ್ಮ ಅಕ್ಕನಿಗೆ, “ಯಕ್ಕಾ, ಗದ್ದ್ಯಾಗ ನನ್ನ ಕುಡುಗೋಲ ಬಿಟ್ಟು ಬಂದೀನಿ, ತಂದಿಡು,” ಎನ್ನುತ್ತಿದ್ದಳು. ನಾನು ಆಕೆಯನ್ನು ನೋಡಿದ್ದು ಅಷ್ಟೇ. ಬಳ್ಳಾರಿ ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಹೋದಳು.

ಮರುದಿನ ಬಸ್ಸಿನಲ್ಲಿ ರಾಚಮ್ಮ ಸಿಸ್ಟರ್ ನನ್ನ ಪಕ್ಕದಲ್ಲೇ ಕೂತರು. ಬೈದಿದ್ದರೆ ಹಗುರಾಗುತ್ತಿತ್ತು.

ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು, ಮೊದಲೇ ಮಾಡಬೇಕಾಗಿದ್ದ ಇನ್ನೊಂದು ಲೆಕ್ಕಕ್ಕೆ ಕೂತೆ. ಔಷಧದ ಶಕ್ತಿ ನಿಜಕ್ಕೂ ಕುಗ್ಗಿ, ಹತ್ತರಲ್ಲಿ ಆರು ಮಂದಿಗಷ್ಟೇ ಕೆಲಸ ಮಾಡುತ್ತಿದೆ ಎಂದಿಟ್ಟುಕೊಳ್ಳಿ. ಆಗ ನನ್ನ ಪರೀಕ್ಷೆ ಅದನ್ನು ಹಿಡಿಯುವ ಸಂಭವವೆಷ್ಟು? 0.584. ಅಂದರೆ ನೂರರಲ್ಲಿ ನಲವತ್ತೆರಡು ಸಲ, ಕೆಟ್ಟ ಔಷಧ ನನ್ನ ಕೈಯಿಂದಲೇ ಪಾಸಾಗುತ್ತಿತ್ತು. ಒಳ್ಳೆಯದನ್ನು ತಪ್ಪಾಗಿ ಕಳಿಸಬಾರದೆಂದು ಐದಕ್ಕೆ ಬಿಗಿ ಹಿಡಿದವಳು, ಕೆಟ್ಟದ್ದನ್ನು ತಪ್ಪಾಗಿ ಇಟ್ಟುಕೊಳ್ಳುವ ಬಾಗಿಲನ್ನು ಅಷ್ಟಗಲ ತೆರೆದಿಟ್ಟಿದ್ದೆ. ಶೇಕಡಾ ಹತ್ತರ ಮಿತಿ ಇಟ್ಟಿದ್ದರೆ ಹದಿಮೂರೂ ಕ್ರಿಟಿಕಲ್ ರೀಜನ್ನಿನೊಳಗೆ ಬರುತ್ತಿತ್ತು. ಹದಿನೇಳನೆಯ ಕೊಳವೆಗೆ ‘ಇಲ್ಲ’ ಎಂದು ಬರೆದಿದ್ದರೆ ಶೇಕಡಾ ಐದರ ಮಿತಿಯಲ್ಲೇ ಬ್ಯಾಚ್ ವಾಪಸಾಗುತ್ತಿತ್ತು.

ಎರಡೂ ಲೆಕ್ಕಗಳನ್ನೂ ಆ ಕೊಳವೆಯ ಸಂಗತಿಯನ್ನೂ ಬರೆದು ಡಾಕ್ಟರಿಗೆ ಕೊಟ್ಟೆ. ಅವರು ಓದಿದರು. ಆಮೇಲೆ ತಮ್ಮ ಹಳೆಯ ಸಹಿಯ ಮೇಲೆ ಗೀಟು ಹಾಕಿದರು. ಅಂದೇ ಬ್ಯಾಚ್ ಬಳಕೆ ನಿಲ್ಲಿಸಿ ಉಳಿದ ಬಾಟಲಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಬೇರೆ ಊರಿನ ಆಸ್ಪತ್ರೆಯೊಂದರಿಂದ ಸಾಲವಾಗಿ ಔಷಧ ಎರಡೇ ದಿನದಲ್ಲಿ ಬಂತು. ಹದಿನೈದು ದಿನ ಬೇಕಾಗಲೇ ಇಲ್ಲ. ಮೊದಲು ನಾವು ಯಾರೂ ಕೇಳಿರಲಿಲ್ಲ, ಅಷ್ಟೇ. ಪ್ರಯೋಗಾಲಯದ ಉತ್ತರ ಬರಲು ತಿಂಗಳುಗಳೇ ಹಿಡಿದವು: ಶಕ್ತಿ ಕಡಿಮೆ ಇದೆ, ಸಾಗಣೆಯಲ್ಲಿ ಎಲ್ಲೋ ಬಿಸಿಯೇರಿರಬಹುದು. ಒಳ್ಳೆಯ ಔಷಧವಿದ್ದಿದ್ದರೆ ದುರುಗಮ್ಮ ಉಳಿಯುತ್ತಿದ್ದಳೇ? ಒಬ್ಬಳ ವಿಷಯದಲ್ಲಿ ಯಾವ ಕೋಷ್ಟಕವೂ ಇದನ್ನು ಹೇಳುವುದಿಲ್ಲ.

ಉತ್ತರ ಬಂದ ವಾರ ಡಾಕ್ಟರು ಮತ್ತು ನಾನು ವಳಕಮದಿನ್ನಿಗೆ ಹೋದೆವು. ಹನುಮಂತಿ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಔಷಧದ ವಿಷಯ ಡಾಕ್ಟರು ಹೇಳಿದರು. ಕೊಳವೆಯ ವಿಷಯ ನಾನು ಹೇಳಿದೆ. ಕೋಷ್ಟಕ, ಶೇಕಡಾ ಯಾವುದನ್ನೂ ತರಲಿಲ್ಲ. ಅನುಮಾನವಿದ್ದ ಒಂದು ಕಡೆ ನಾನು ‘ಹೌದು’ ಎಂದು ಬರೆದೆ, ‘ಇಲ್ಲ’ ಎಂದಿದ್ದರೆ ಆ ಔಷಧ ನಿನ್ನ ತಂಗಿಗೆ ಬರುತ್ತಿರಲಿಲ್ಲ ಎಂದೆ.

ಆಕೆ ಮೊರ ಕೆಳಗಿಟ್ಟಳು. ಆಮೇಲೆ ಕೇಳಿದಳು, “ಆ ಕೊಳವ್ಯಾಗ ಇದ್ದದ್ದು ಯಾರ ರಕ್ತರೀ?”

“ಬ್ಯಾರೆ ಊರಿನ ಒಬ್ಬ ರೈತಂದು.”

“ಬದುಕ್ಯಾನೇನ್ರಿ?”

“ಬದುಕ್ಯಾನ.”

“ಹಂಗಾದ್ರ ಆತಗ ಹೇಳಬ್ಯಾಡ್ರಿ,” ಎಂದಳು. “ಪಾಪ, ಆತ ಉಂಡ ಅನ್ನ ಮೈಗೆ ಹತ್ತೂದಿಲ್ಲ.”

ನನ್ನನ್ನು ಕ್ಷಮಿಸಿದಳೋ ಇಲ್ಲವೋ ಎಂದು ಕೇಳುವ ಹಕ್ಕು ನನಗಿರಲಿಲ್ಲ.

ಆ ರೈತ ಈಗಲೂ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಸಿಗುತ್ತಾರೆ. “ಆರಾಮ್ ಅದೀರೇನ್ರಿ ಮೇಡಮ್ಮಾರ?” ಎನ್ನುತ್ತಾರೆ. ಆರಾಮ್ ಎನ್ನುತ್ತೇನೆ. ಅವರಿಗೆ ನಾನು ಹೇಳಿಲ್ಲ. ನನ್ನ ಕುರ್ಚಿಗೆ ಬಂದ ಹೊಸಬಳಿಗೆ ಮಾತ್ರ ಎಲ್ಲವನ್ನೂ ಹೇಳಿದ್ದೇನೆ. ಕ್ರಿಟಿಕಲ್ ರೀಜನ್ ಕಂಡುಹಿಡಿಯುವುದು ಹತ್ತು ನಿಮಿಷದ ಕೆಲಸ, ಕೋಷ್ಟಕವೇ ಹೇಳುತ್ತದೆ. ಎಷ್ಟು ತಪ್ಪನ್ನು, ಯಾವ ಕಡೆಯ ತಪ್ಪನ್ನು ಸಹಿಸಬಹುದು ಎಂಬುದನ್ನು ಕೋಷ್ಟಕ ಹೇಳುವುದಿಲ್ಲ. ಅದನ್ನು ವಾರ್ಡಿಗೆ ಹೋಗಿ, ಕೊಳವೆ ಹಿಡಿದವರನ್ನು ಕೇಳಬೇಕು. ಅವರು ಅಲ್ಲ ಎಂದರೆ ಅಲ್ಲ ಎಂದೇ ಬರೆಯಬೇಕು.