ಗ್ರೀಕರ ಸುಖ, ನಮ್ಮ ಮನೆಯ ಶೇಂಗಾ ಹಿಂಡಿ

ಪುಕ್ಕಟೆ ಎನ್ನುವ ಮಾತು ಕೇಳಿದರೆ ನನಗೆ ಇಂದಿಗೂ ಅನುಮಾನ. ತೊಂಬತ್ತರ ದಶಕದ ಆರಂಭದಲ್ಲಿ ಆಳಂದದ ನಮ್ಮ ಓಣಿಗೆ ಮಿಕ್ಸರ್ ಮಾರುವವನೊಬ್ಬ ಬಂದು, ಒಂದು ಕೊಂಡರೆ ಸ್ಟೀಲ್ ಡಬ್ಬಿ ಪುಕ್ಕಟೆ ಎಂದಾಗ ಅವನ ನಗುವಿನಲ್ಲೇ ನನಗೆ ಮೋಸ ಕಂಡಿತು. ಕರಜಗಿಯಿಂದ ಬಂದ ನನ್ನ ಹೆಂಡತಿಗೆ ಮಾತ್ರ ಆ ಮಿಕ್ಸರ್ ಬೇಕಾಗಿತ್ತು. ದಿನದ ಊಟಕ್ಕೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಒಳಕಲ್ಲಿನಲ್ಲಿ ಕುಟ್ಟಿ ಕುಟ್ಟಿ ಅವಳ ಬಲಗೈ ಮಣಿಕಟ್ಟು ಬಾತಿತ್ತು.

ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದೆ. ಆ ವಾರ ಗ್ರೀಕರ ಪಾಠ: ಬೇಕುಗಳನ್ನು ಕಡಿಮೆ ಮಾಡಿಕೊಂಡವನೇ ಸುಖಿ, ರೊಟ್ಟಿ, ನೀರು, ನಾಲ್ಕು ಗೆಳೆಯರು ಇದ್ದರೆ ಸಾಕು. ಅದನ್ನೇ ಮನೆಗೂ ತಂದೆ.

"ಅಂಗಡಿಯವ್ರು ಮೊದಲ ಆಸೆ ಮಾರ್ತಾರ, ಆಮ್ಯಾಲ ಸಾಮಾನು. ಕುಟ್ಟೋದು ಕಾಯಕ," ಅಂದೆ.

ನಮ್ಮಂಥ ಶರಣರ ಮನೆತನದಲ್ಲಿ ಕಾಯಕ ಎಂದ ಮೇಲೆ ಎದುರು ಮಾತಿಲ್ಲ. ಅವಳು ಹಿತ್ತಲಿಗೆ ಹೋಗಿ ಒಳಕಲ್ಲಿನ ಮುಂದೆ ಕೂತಳು. ಒಪ್ಪಿದಳು ಎಂದು ನಾನು ಬೀಗಿದೆ. ಅದೇ ವರ್ಷ ನಾನು ಸ್ಕೂಟರ್ ಕೊಂಡಿದ್ದೆ. ಅದರ ಮೇಲೆ ಯಾಕೋ ನನಗೆ ಅನುಮಾನ ಬಂದಿರಲಿಲ್ಲ.

ಮೂರು ತಿಂಗಳ ಮೇಲೆ ಇಬ್ಬರು ಸಹೋದ್ಯೋಗಿಗಳು ಊಟಕ್ಕೆ ಬಂದರು. ಹೆಂಡತಿ ಹಿಂಡಿ ಬಡಿಸಿದಳು.

"ಕೈಲೆ ಕುಟ್ಟಿದ್ದರಿ ಇದು. ಮಷೀನಿಗೆ ಈ ರುಚಿ ಎಲ್ಲಿಂದ ಬರ್ಬೇಕು," ಎಂದು ಶುರುಮಾಡಿ ಗ್ರೀಸಿನವರೆಗೂ ಹೋಗಿ ಬಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಕ್ಕಳೇ? ಅನುಮಾನ ಬಂದು, ಅತಿಥಿಗಳು ಹೋದ ಕೂಡಲೇ ಹಿತ್ತಲಿಗೆ ಹೋಗಿ ನೋಡಿದೆ. ಒಳಕಲ್ಲಿನ ಕುಳಿಯಲ್ಲಿ ಜೇಡ ಬಲೆ ಕಟ್ಟಿತ್ತು.

"ಹಿಂಡಿ ಎಲ್ಲಿಂದ ಬರಾಕತ್ತದ?"

"ಬಾಜೂ ಮನಿ ಅಕ್ಕೋರ ಮಿಕ್ಸರ್‌ದಾಗ ಹಾಕಿಸಿ ತರ್ತೇನಿರಿ. ಎರಡು ತಿಂಗಳಾತು."

ಮೈ ಉರಿದುಹೋಯಿತು. ಅವಳು ಮುಚ್ಚಿಟ್ಟಳು ಎನ್ನುವುದಕ್ಕಿಂತ ನನ್ನ ನಾಲಿಗೆಗೇ ಗೊತ್ತಾಗಲಿಲ್ಲವಲ್ಲ ಎಂಬ ಸಿಟ್ಟು. ಅದನ್ನು ಹೇಳಲಾಗದೆ, ಗ್ರೀಕರನ್ನೇ ಮತ್ತೆ ಎಳೆದು ತಂದು ಕೂಗಾಡಿದೆ. ಎಂಜಲು ತಾಟು ಎತ್ತುತ್ತಿದ್ದವಳು ಪೂರಾ ಕೇಳಿಸಿಕೊಂಡಳು.

"ಆ ಗ್ರೀಕರ ಮನ್ಯಾಗ ಬೀಸೋದು ಕುಟ್ಟೋದು ಯಾರು ಮಾಡ್ತಿದ್ರರಿ?"

ಉತ್ತರ ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು. ಪರೀಕ್ಷೆಗೆ ಬರುವುದಿಲ್ಲ ಎಂದು ಪ್ರತಿವರ್ಷ ಬಿಟ್ಟು ಮುಂದೆ ಹೋಗುತ್ತಿದ್ದೆ.

"ಗುಲಾಮರು," ಅಂದೆ.

"ನನಗೂ ಹಂಗ ಅನಿಸಿತ್ತರಿ," ಅಂದು ಅವಳು ತಾಟು ತಗೊಂಡು ಒಳಗೆ ಹೋದಳು.