ಕೆಲಸದವಳ ಭಾಷೆ, ಓಲೆಗರಿಯ ಮದ್ದು

ಜಾತಕ ಕೂಡಿಬರಲಿಲ್ಲ ಎಂದು ಕುವೈತಿನ ಸಾಲ್ಮಿಯಾದ ನಮ್ಮವರೆಲ್ಲ ಮಾತಾಡಿಕೊಳ್ಳುತ್ತಿದ್ದಾರಂತೆ. ಸುಳ್ಳು. ಜಾತಕ ಚೆನ್ನಾಗಿಯೇ ಕೂಡಿತ್ತು. ಸಂಬಂಧ ಮುರಿದವಳು ನಾನು.

ಕಳೆದ ಶುಕ್ರವಾರ ಮೊಮ್ಮಗಳು ಅಶ್ವಿತಾಳನ್ನು ನೋಡಲು ಬಂದಿದ್ದರು. ಅರ್ದಿಯಾದಲ್ಲಿ ಗೋದಾಮು ಇರುವ, ನಮ್ಮೂರ ಕಡೆಯದೇ ಮನೆತನ. ಸೊಸೆ ಬೆಳಿಗ್ಗೆಯೇ ಹುಡುಗಿಯ ಕಂಪ್ಯೂಟರನ್ನು ಹಾಲ್‌ನಿಂದ ಎತ್ತಿ ನನ್ನ ಮಂಚದಡಿ ತಳ್ಳಿದಳು. ಅವಳ ಕೆಲಸ ಏನೆಂದು ಯಾರೂ ಕೇಳಬಾರದಲ್ಲ, ಅದಕ್ಕೆ.

ಕೇಳದೆ ಬಿಡುತ್ತಾರೆಯೇ?

"ಮಗಳು ಎಂತ ಕೆಲಸ ಮಾಡುದು?" ಎಂದರು ಹುಡುಗನ ತಾಯಿ.

"ಕಂಪ್ಯೂಟರ್ ವರ್ಕ್," ಎಂದಳು ಸೊಸೆ, ಗೋಳಿಬಜೆಯ ತಟ್ಟೆ ಮುಂದೆ ಸರಿಸುತ್ತಾ.

"ಲೈಬ್ರರಿ ವರ್ಕ್, ಆಂಟಿ," ಎಂದಳು ಅಶ್ವಿತಾ. "ಸಿಂಹಳ ಪಾಮ್ ಲೀಫ್. ಓಲ್ಡ್ ಮೆಡಿಕಲ್ ಬುಕ್ಸ್."

ಇದನ್ನು ನಾನೇ ಬಿಡಿಸಿ ಹೇಳಬೇಕು. ಪರದೇಶದ ಒಂದು ಲೈಬ್ರರಿಯಲ್ಲಿ ಸಿಂಹಳದ ವೈದ್ಯರು ಬರೆದಿಟ್ಟ ಓಲೆಗರಿಯ ಕಟ್ಟುಗಳಿವೆ. ಜ್ವರಕ್ಕೆ, ಕಣ್ಣುಬೇನೆಗೆ, ಹಾವು ಕಚ್ಚಿದ್ದಕ್ಕೆ ಮದ್ದು. ಅವರು ಫೋಟೋ ಕಳಿಸುತ್ತಾರೆ. ಯಾವ ಗರಿಯಲ್ಲಿ ಯಾವ ರೋಗದ ಮದ್ದಿದೆ ಎಂದು ಇವಳು ಓದಿ ಬರೆಯುತ್ತಾಳೆ. (ಕನ್ನಡದಲ್ಲಿ ತನ್ನ ಹೆಸರು ಬರೆಯಲು ಇನ್ನೂ ತಡಕಾಡುತ್ತಾಳೆ, ಅದು ಬೇರೆ ಮಾತು.) ಅಕ್ಷರ ನಮ್ಮದರಂತೆಯೇ ಗುಂಡಗೆ. ನಾಲ್ಕನೇ ಕ್ಲಾಸಿನವರೆಗೆ ಓದಿದ ನನಗೂ ಓದಿಬಿಡಬಹುದು ಅನ್ನಿಸುತ್ತದೆ. ಬಾಯಿ ತೆರೆದರೆ ಒಂದೂ ಬಾರದು.

ಇವಳಿಗೆ ಸಿಂಹಳ ಎಲ್ಲಿಂದ ಬಂತು? ಮಗ, ಸೊಸೆ ಇಬ್ಬರೂ ಡ್ಯೂಟಿಗೆ ಹೋಗುವಾಗ ಮಗುವನ್ನು ಸಾಕಿದವಳು ಶ್ರೀಲಂಕಾದ ಕುಸುಮಾ. ಹುಡುಗಿ ಮೊದಲು ಮಾತಾಡಿದ್ದೇ ಆ ಭಾಷೆ. ಅಕ್ಷರ ತಿದ್ದಿಸಿದವಳೂ ಅವಳೇ. ಹಳೆಯ ಸಿಂಹಳವನ್ನು ಇವಳು ಆಮೇಲೆ ಹಠ ಹಿಡಿದು ಕಲಿತಳು. ಕುವೈತಿನಲ್ಲಿ ಇಂಥ ಕುಸುಮಾಂದಿರು ಎಷ್ಟು ಮಕ್ಕಳನ್ನು ಬೆಳೆಸಿಲ್ಲ? ಅವರ ಭಾಷೆ ಓದಿ ಅನ್ನ ದುಡಿಯುವವಳು ನಮ್ಮ ಮನೆಯಲ್ಲಿದ್ದಾಳೆ.

ಹುಡುಗನ ತಾಯಿ ನಕ್ಕರು. "ಕೆಲಸದವಳ ಭಾಷೆ ಕಲ್ತು ಎಂತ ಮಾಡ್ಲಿಕ್ಕುಂಟು? ಒಣಗಿದ ಎಲೆ ಓದುದೆಲ್ಲ ಮದುವೆ ಆದ್ಮೇಲೆ ಖಲಾಸ್ ಮಾಡು, ಆಯ್ತಾ?"

ಸೊಸೆ ಆಯ್ತು ಎಂದು ತಲೆಯಾಡಿಸಿದಳು. ಅಶ್ವಿತಾ ನನ್ನ ಮುಖ ನೋಡಿದಳು.

"ನೀವು ಜಾತಕ ನೋಡಿಸಿಯೇ ಬಂದದ್ದಲ್ವಾ?" ಎಂದೆ. "ಆ ಶಾಸ್ತ್ರ ಎಲ್ಲ ಹಿಂದೆ ಎಂತದ್ರಲ್ಲಿ ಬರೆದದ್ದು, ಗೊತ್ತುಂಟಾ?"

"ಅದು ಬೇರೆ ಅಮ್ಮ. ಅದು ನಮ್ಮದು," ಎಂದರು ಹುಡುಗನ ತಾಯಿ.

"ಎಲೆ ಅಂತೂ ಒಣಗಿದ್ದೇ. ಇವಳ ಎಲೆಯಲ್ಲಿ ಜ್ವರಕ್ಕಾದ್ರೂ ಮದ್ದುಂಟು. ನಮ್ಮ ಹುಡುಗಿ ಓದುದು ಬಿಡುದಿಲ್ಲ. ಚಾ ಆರ್ತದೆ, ಕುಡೀರಿ."

ಕುಡಿದರು. ಹೋದರು.

ಓಲೆಯಲ್ಲಿ ಕಬ್ಬಿಣದ ಮೊನೆಯಿಂದ ಗೀರಿದ ಅಕ್ಷರ ಮೊದಲು ಸರಿಯಾಗಿ ಕಾಣುವುದೇ ಇಲ್ಲವಂತೆ. ಮಸಿ ಬಳಿದು ಒರೆಸಿದ ಮೇಲೆಯೇ ಎದ್ದು ಕಾಣುವುದು. ಆ ಹೆಂಗಸು ಮಸಿ ಬಳಿಯಲು ಬಂದರು. ನಮ್ಮ ಹುಡುಗಿಯ ಅಕ್ಷರ ಎದ್ದು ಕಂಡಿತು, ಅಷ್ಟೇ.

ಮಾರನೇ ಬೆಳಿಗ್ಗೆ ಕಂಪ್ಯೂಟರನ್ನು ಮಂಚದಡಿಯಿಂದ ಎಳೆದು ಹಾಲ್‌ನಲ್ಲಿ ಬಾಗಿಲಿಗೆ ಎದುರಾಗಿ ಇಡಿಸಿದೆ. ಯಾರು ಬಂದರೂ ಮೊದಲು ಅದೇ ಕಾಣಲಿ. ಆಮೇಲೆ, ಈಗ ತನ್ನ ಊರು ಸೇರಿರುವ ಕುಸುಮಾಳಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ನಮ್ಮ ಅಡುಗೆಮನೆಯಲ್ಲಿ ಕಲಿತ ಕನ್ನಡ ಅವಳಿಗೆ ಇನ್ನೂ ಮರೆತುಹೋಗಿಲ್ಲ.

"ಅಮ್ಮಾ, ನನ್ನಿಂದ ಮದುವೆ ಹೋಯ್ತಾ?" ಎಂದಳು.

"ಹೋದದ್ದು ಹೋಗ್ಲಿ ಮಾರಾಯ್ತಿ. ನಿಮ್ಮೂರಲ್ಲಿ, ಮನೆಯಲ್ಲಿ ಓಲೆಗರಿ ಇರುವ ಗಂಡು ಯಾರಾದ್ರೂ ಇದ್ದಾನಾ?"