ನಾ ಕಟ್ಟಿದ ಮೂವತ್ತೆರಡು ಮೆಟ್ಟಿಲು

೧೯೪೮ರಲ್ಲಿ ನನ್ನ ಓದು ನಿಂತಿತು. ಹೈದರಾಬಾದಿನ ಪೊಲೀಸ್ ಆಕ್ಷನ್ ಗದ್ದಲದಾಗ ಶಾಲೆ ಮುಚ್ಚಿತು. ಮತ್ತೆ ತೆರೆಯುವಷ್ಟರಲ್ಲಿ ನಾ ಗೌಂಡಿಯಾಗಿದ್ದೆ. ಐದನೆಯ ಇಯತ್ತೆಯೂ ಮುಗಿದಿರಲಿಲ್ಲ. ಆದರೆ ಯೆಣೆಗೂರ ಸುತ್ತಮುತ್ತ ನಾ ಕಟ್ಟಿದ ಗೋಡೆ ಒಂದೂ ಬಾಗಿಲ್ಲ. ಇಪ್ಪತ್ತನೆಯ ವಯಸ್ಸಿಗೆ ನಮ್ಮೂರ ಬಾವಿಗೆ ಮೂವತ್ತೆರಡು ಮೆಟ್ಟಿಲು ಕಟ್ಟಿದೆ. ಜನ ಅದನ್ನು ನನ್ನ ಹೆಸರಿನಿಂದಲೇ ಕರೆಯುತ್ತಿದ್ದರು.

ನಮ್ಮ ತಾಲೂಕು ಮುಂಬಯಿ ರಾಜ್ಯಕ್ಕೆ ಸೇರಿದ ಮರುವರ್ಷ, ೧೯೫೭ರ ಬೇಸಿಗೆಯಲ್ಲಿ, ಒಂದು ವಿಶ್ವವಿದ್ಯಾಲಯದಿಂದ ಮೂವರು ಬಂದರು: ಒಬ್ಬ ಡಾಕ್ಟರ್, ನೀರು ಪರೀಕ್ಷಿಸುವ ಒಬ್ಬ ಸಾಹೇಬರು, ಜನರ ರೂಢಿ ಬರೆದುಕೊಳ್ಳುವ ಒಬ್ಬ ಮೇಡಮ್. ಬೇರೆ ಬೇರೆ ವಿದ್ಯೆಯವರು ಕೂಡಿ ಒಂದೇ ರೋಗವನ್ನು ನೋಡುವ ಹೊಸ ಪ್ರಯೋಗವಂತೆ. ರೋಗ ನಾರುಹುಣ್ಣು. ಕುಡಿಯುವ ನೀರಿನಿಂದ ಹೊಟ್ಟೆ ಸೇರಿದ ಹುಳು ವರ್ಷದ ಮೇಲೆ ಕಾಲಿನಿಂದ ದಾರದಂತೆ ಹೊರಬರುತ್ತದೆ. ಆ ಕಾಲು ಬಾವಿಗಿಳಿದರೆ ನೀರೆಲ್ಲ ಕೆಡುತ್ತದೆ. ಮೂವರಿಗೂ ಕನ್ನಡ ಬಾರದು. ನನಗೆ ಮರಾಠಿ, ಉರ್ದು ಎರಡೂ ಬರುತ್ತಿದ್ದವು. ದುಭಾಷಿಯಾಗಿ ಸೇರಿದೆ.

ನಮ್ಮ ಮನೆಯಲ್ಲಿ ಮೇಡಮ್ ಕೇಳಿದರು: ನೀರು ಹೇಗೆ ತರುತ್ತೀರಿ?

ಅವ್ವ ಅಂದಳು, "ಮೆಟ್ಟಲಾ ಇಳದು, ಮೊಣಕಾಲ ಮಟ ನೀರಾಗ ನಿಂತು ಕೊಡಾ ತುಂಬತೀವ್ರೀ."

ನಾ ಕಟ್ಟಿದ ಮೆಟ್ಟಿಲಿನ ಮೇಲೆ ತಪ್ಪು ಬರುತ್ತದೆಂದು ನನಗೆ ಹೊಳೆಯಿತು. ಮರಾಠಿಯಲ್ಲಿ ಹೇಳಿಬಿಟ್ಟೆ: ಮೆಟ್ಟಿಲು ಹೂಳು ತೆಗೆಯಲಿಕ್ಕೆ ಮಾತ್ರ, ನೀರು ಮೇಲಿಂದಲೇ ಸೇದುತ್ತಾರೆ. ಅವರು ಬರೆದುಕೊಂಡರು. ಇಳಿಯುವ ಬಾವಿಗಳ ನೀರನ್ನಷ್ಟೇ ಪರೀಕ್ಷಿಸುವುದಿತ್ತು. ನಮ್ಮ ಬಾವಿ ಪಟ್ಟಿಯಿಂದ ಬಿಟ್ಟುಹೋಯಿತು.

ಹೆಂಡತಿ ಗಂಗವ್ವನ ತವರು ನಿಲಂಗಾ. ಮರಾಠಿ ಆಕೆಗೆ ನನಗಿಂತ ಚೆನ್ನಾಗಿ ಬರುತ್ತದೆ. ಹೊಸ ಸೊಸೆ, ಅತ್ತೆಯ ಮುಂದೆ ಬಾಯಿ ಬಿಡಲಿಲ್ಲ. ಆಮೇಲೆ ಹಿಡಿದಳು. "ಅತ್ತಿ ಅಂದದ್ದೊಂದು, ನೀವು ಹೇಳಿದ್ದೊಂದು. ನಾ ಏನು ಕಿವುಡಿ ಅಂತ ತಿಳಿದೀರೇನ್ರೀ?"

"ಸುಮ್ಕಿರು," ಅಂದೆ.

ಹದಿನೈದು ದಿನ ಸುಮ್ಮನಿದ್ದೆ. ಅಷ್ಟರಲ್ಲಿ ಆ ಮೂವರೊಳಗೇ ಜಗಳ ಹತ್ತಿತು. ನಮ್ಮ ಓಣಿಯಲ್ಲಿ ಹನ್ನೊಂದು ಜನರ ಕಾಲು ಕೆಟ್ಟಿದ್ದವು, ಬಾವಿ ಮಾತ್ರ ಕಾಗದದ ಮೇಲೆ ಚೊಕ್ಕ. ನಿಮ್ಮ ಲೆಕ್ಕ ತಪ್ಪು, ನಿಮ್ಮದೇ ತಪ್ಪು ಅಂತ ಒಬ್ಬರಿಗೊಬ್ಬರು.

ಒಂದು ಮುಂಜಾನೆ ಗಂಗವ್ವ ಲಿಂಗಪೂಜೆಗೆ ನೀರು ಸೋಸುತ್ತಿದ್ದಳು. ನಮ್ಮಲ್ಲಿ ಪೂಜೆಯ ನೀರಿಗೆ ಬಟ್ಟೆ ಕಟ್ಟುತ್ತಾರೆ, ಕುಡಿಯುವ ನೀರಿಗಿಲ್ಲ. ಬಟ್ಟೆಯನ್ನು ನನ್ನ ಮುಂದೆ ಹಿಡಿದಳು.

"ಲಿಂಗಕ್ಕ ಸೋಸಿದ್ದು, ಮನಿ ಮಂದಿಗಿ ಸೋಸಲಾರದ್ದು. ನಿಮ್ಮ ಮೆಟ್ಟಲಾ ಅಷ್ಟು ದೊಡ್ಡವೇನ್ರೀ?"

ಆ ಬಟ್ಟೆಯನ್ನೇ ಒಯ್ದು ಕೊಟ್ಟು, ಮೂವರ ಮುಂದೆ ಎಲ್ಲ ಒಪ್ಪಿಕೊಂಡೆ. ಬಟ್ಟೆ ತೊಳೆದ ನೀರನ್ನು ಸಾಹೇಬರು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಹುಳುವಿನ ಮರಿಗಳನ್ನು ಹೊತ್ತ ಸಣ್ಣ ಜೀವಗಳು ಕುಣಿಯುತ್ತಿದ್ದವು. ಮೂವರ ವಹಿಯಲ್ಲಿ ಬರೆದ ಲೆಕ್ಕಗಳು ಆಗ ಒಂದಕ್ಕೊಂದು ಕೂಡಿದವು.

ಡಾಕ್ಟರ್ ಬೈಯಲಿಲ್ಲ. "ನಾವು ಮೂವರೂ ನಿನ್ನ ನಾಲಿಗೆಯ ಮೇಲೆ ನಿಂತಿದ್ದೆವು," ಅಂದರು ಅಷ್ಟೇ.

ನಾನೇ ಮೆಟ್ಟಿಲುಗಳಿಗೆ ಕಲ್ಲು ತುಂಬಿ ಮುಚ್ಚಿದೆ. ಕಟ್ಟೆ ಎತ್ತಿ, ಹಗ್ಗದಿಂದ ಮೇಲಿಂದಲೇ ಸೇದಲು ಗಡಗಡಿ ಹಾಕಿದೆ. ಪ್ರತಿ ಮನೆಯ ಕೊಡಕ್ಕೂ ಬಟ್ಟೆ ಬಂತು.

ಮುಂದಿನ ಬೇಸಿಗೆಗೆ ಗಂಗವ್ವನ ಮೊಣಕಾಲಿನಲ್ಲಿ ನಾರು ಕಾಣಿಸಿತು. ಹುಳು ಒಳಗೇ ತುಂಡಾಗಿ ಕೀವಾಯಿತು. ಯಾವ ದಿನದ ನೀರು ಎಂದು ಯಾವ ವಿದ್ಯೆಯೂ ಹೇಳಲಾರದು. ಆ ಹದಿನೈದು ದಿನದ್ದಲ್ಲ ಎಂದೂ ಹೇಳಲಾರದು. ಎಷ್ಟು ವಿದ್ಯೆ ಕೂಡಿದರೂ ಕೆಳಗೆ ಒಬ್ಬ ಸಾಮಾನ್ಯನ ಮಾತು ನೆಟ್ಟಗಿರಬೇಕು. ನನ್ನ ಕೆಲಸ ಕಲಿಸಿದ್ದು ಇದು.

ಈಗ ನನಗಿರುವುದು: ಕಲ್ಲಿನ ಮನೆ ಒಂದು, ಹೊಲ ನಾಲ್ಕು ಎಕರೆ, ಮೆಟ್ಟಿಲಿಲ್ಲದೆ ಕಟ್ಟಿದ ಬಾವಿ ಇಪ್ಪತ್ತಾರು, ಮತ್ತು ಗಂಗವ್ವ. ಆಕೆಯ ಎರಡು ಕಾಲಲ್ಲಿ ಮಡಚಲು ಬರುವುದು ಒಂದು.